ಡೈ ಹಾಕೋ ಮೊದಲು ಕಿಡ್ನಿಯ ನಂಬರ್ ಕೇಳಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲೂಕುಗಳ ಯಾವ ಊರಿನ ಕಟ್ಟೆ ಮೇಲೆ ಬೇಕಾದರೂ ಕೂತು ಆಸ್ಪತ್ರೆ ಸುದ್ದಿ ತೆಗೀರಿ, ಎರಡು ಮಾತು ಬಂದೇ ಬರ್ತವೆ. ಒಂದು, "ಡೈ ಹಾಕಿಸ್ಕೊಂಡ್ರ ಕಿಡ್ನಿ ಹೊಕ್ಕಾವ್ರಿ, ಆ ಟೆಸ್ಟ್ ಬ್ಯಾಡ." ಇನ್ನೊಂದು, "ಡಾಕ್ಟರ್ ಹೇಳ್ಯಾರಂದ ಮ್ಯಾಲ ಮುಗೀತು, ನಾವೇನ್ ಕೇಳೋದೈತಿ?" ಮೊದಲನೇ ಮಾತು ನಂಬಿದವರು ಪರೀಕ್ಷೆಗೆ ಹೆದರಿ ಮನೆಯಲ್ಲೇ ಉಳೀತಾರೆ, ಕೊನೆಗೆ ಕಾಲು ಕಳ್ಕೊಳ್ತಾರೆ. ಎರಡನೇ ಮಾತು ನಂಬಿದವರು ತಮ್ಮ ಕಿಡ್ನಿ ಮೊದಲೇ ಸೋತಿದೆ ಅನ್ನೋದನ್ನ ಹೇಳದೇ ಕ್ಯಾಥ್‌ಲ್ಯಾಬ್ ಟೇಬಲ್ ಮೇಲೆ ಮಲಗ್ತಾರೆ. ಎರಡೂ ದುಬಾರಿ. ಇವೆರಡರ ಮಧ್ಯೆ ಒಂದು ದಾರಿ ಇದೆ. ಇವತ್ತು ಆ ದಾರಿ ಬಗ್ಗೆ ಮಾತಾಡೋಣ.

ಈ ಪ್ರಶ್ನೆ ಈ ಸೀಮೆಗೆ ಯಾಕೆ ಇಷ್ಟು ಹತ್ತಿರದ್ದು, ಮೊದಲು ಅದನ್ನ ನೋಡಿ. ನಿಪ್ಪಾಣಿ ಅಂದ ಕೂಡಲೇ ನೆನಪಾಗೋದು ತಂಬಾಕು, ಅದರಲ್ಲೂ ಬೀಡಿ ತಂಬಾಕು. ಬೀಡಿ ಹೊಗೆ ಹೊಡೆಯೋದು ಶ್ವಾಸಕೋಶಕ್ಕೆ ಮಾತ್ರ ಅಂತ ನಾವು ಅಂದ್ಕೊಂಡಿದ್ದೀವಿ. ಅದು ಕಾಲಿನ ರಕ್ತನಾಳಗಳನ್ನೂ ಬಿಡಲ್ಲ. 1908ರಲ್ಲಿ ನ್ಯೂಯಾರ್ಕ್‌ನ ವೈದ್ಯ ಲಿಯೋ ಬರ್ಜರ್ ಒಂದು ಕಾಯಿಲೆಯನ್ನ ವಿವರವಾಗಿ ಬರೆದಿಟ್ಟರು. ಇನ್ನೂ ದುಡಿಯುವ ವಯಸ್ಸಿನ, ತಂಬಾಕು ಬಿಡದ ಗಂಡಸರ ಕೈಕಾಲಿನ ನಾಳಗಳು ಮುಚ್ಚಿ ಬೆರಳು ಕಪ್ಪಾಗುವ ಕಾಯಿಲೆ ಅದು. ಇವತ್ತಿಗೂ ಅದನ್ನ ಬರ್ಜರ್ ಕಾಯಿಲೆ ಅಂತಲೇ ಕರೀತಾರೆ. ತಂಬಾಕಿನ ಜೊತೆಗೆ ಶುಗರ್ ಸೇರಿತು, ಬಿಪಿ ಸೇರಿತು ಅಂದ್ರೆ ಕೇಳೋದೇ ಬೇಡ. ಹತ್ತು ಹದಿನೈದು ವರ್ಷ ಶುಗರ್ ಹತೋಟಿ ತಪ್ಪಿದರೆ ಅದು ಎರಡು ಕಡೆ ಒಟ್ಟಿಗೆ ಕೆಲಸ ಮಾಡುತ್ತೆ. ಅತ್ತ ಕಾಲಿನ ನಾಳ ಕಟ್ಟಿಕೊಳ್ಳುತ್ತೆ, ಇತ್ತ ಕಿಡ್ನಿಯೊಳಗಿನ ಸಣ್ಣ ಸಣ್ಣ ಜರಡಿಗಳು ಹಾಳಾಗುತ್ತವೆ.

ಗಂಟು ಬೀಳೋದು ಇಲ್ಲೇ. ಕಾಲು ಉಳಿಸಬೇಕು ಅಂದ್ರೆ ನಾಳ ಎಲ್ಲಿ ಕಟ್ಟಿದೆ ಅಂತ ಚಿತ್ರ ಬೇಕು. ಚಿತ್ರಕ್ಕೆ ಡೈ ಬೇಕು. ಡೈ ಹೊರಗೆ ಹಾಕೋಕೆ ಕಿಡ್ನಿ ಬೇಕು. ಆ ಕಿಡ್ನಿಯೇ ಸೋತು ಕೂತಿದೆ. ಈಗ ಏನು ಮಾಡೋದು?

ಡೈ ಅಂದ್ರೇನು ಅನ್ನೋದರಿಂದ ಶುರು ಮಾಡೋಣ. ಎಕ್ಸ್‌ರೇಗೆ ಮೂಳೆ ಕಾಣುತ್ತೆ, ರಕ್ತನಾಳ ಕಾಣಲ್ಲ. ನಾಳದೊಳಗೆ ಎಕ್ಸ್‌ರೇ ತಡೆಯುವ ಏನನ್ನಾದರೂ ತುಂಬಿದರೆ ಮಾತ್ರ ಅದರ ಆಕಾರ ಮೂಡುತ್ತೆ. ಎಕ್ಸ್‌ರೇ ಕಂಡುಹಿಡಿದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ವಿಯೆನ್ನಾದಲ್ಲಿ ಕತ್ತರಿಸಿದ ಒಂದು ಕೈಯ ನಾಳಗಳಿಗೆ ಸುಣ್ಣ ಬೆರೆಸಿದ ಮಿಶ್ರಣ ತುಂಬಿ ಚಿತ್ರ ತೆಗೆದಿದ್ದರು. ಬದುಕಿರೋ ಮನುಷ್ಯನಿಗೆ ಸುಣ್ಣ ತುಂಬೋಕಾಗುತ್ತಾ? 1927ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಎಗಾಸ್ ಮೋನಿಜ್ ಅನ್ನೋ ವೈದ್ಯರು ಅಯೋಡಿನ್ ಲವಣ ಬಳಸಿ ರೋಗಿಯ ಮೆದುಳಿನ ನಾಳಗಳ ಚಿತ್ರ ತೆಗೆದರು. ಅಲ್ಲಿಂದ ಇಲ್ಲಿಯವರೆಗೆ ಆಂಜಿಯೋಗ್ರಫಿ, ಸಿಟಿ ಆಂಜಿಯೋ ಎಲ್ಲದಕ್ಕೂ ಮುಖ್ಯ ಡೈ ಅಯೋಡಿನ್ನೇ. ಜನ ಇದನ್ನ ಬಣ್ಣ ಅಂದ್ಕೊಂಡಿದ್ದಾರೆ. ಬಣ್ಣ ಗಿಣ್ಣ ಏನಿಲ್ಲ, ನೋಡೋಕೆ ನೀರಿನ ಹಾಗೆ ಇರುತ್ತೆ.

ಹಾಗಾದ್ರೆ ಕಿಡ್ನಿಗೆ ತೊಂದರೆ ಎಲ್ಲಿಂದ? ಈ ಅಯೋಡಿನ್ ದೇಹದಲ್ಲಿ ಕರಗಿ ಹೋಗಲ್ಲ. ಹೆಚ್ಚುಕಡಿಮೆ ಪೂರ್ತಿ ಕಿಡ್ನಿಯ ಮೂಲಕ, ಮೂತ್ರದಲ್ಲೇ ಹೊರಗೆ ಹೋಗಬೇಕು. ಹೋಗುವಾಗ ಕಿಡ್ನಿಯ ಒಳಗಿನ ನಾಳಗಳನ್ನ ಬಿಗಿ ಮಾಡುತ್ತೆ, ಕೊಳವೆಗಳ ಜೀವಕೋಶಗಳ ಮೇಲೆ ಹೊರೆ ಹಾಕುತ್ತೆ. ಗಟ್ಟಿ ಕಿಡ್ನಿ ಇದನ್ನ ತಾಳಿಕೊಳ್ಳುತ್ತೆ. ಸೋತ ಕಿಡ್ನಿಯಲ್ಲಿ ಎರಡು ಮೂರು ದಿನಗಳಲ್ಲಿ ಕ್ರಿಯಾಟಿನಿನ್ ಏರಬಹುದು. ಬಹಳಷ್ಟು ಜನರಲ್ಲಿ ಅದು ಮತ್ತೆ ಇಳಿಯುತ್ತೆ, ಕೆಲವರಲ್ಲಿ ಇಳಿಯಲ್ಲ. ಭಯ ಹುಟ್ಟಿದ್ದು ಈ ಕೆಲವರಿಂದ.

ಈ ಭಯಕ್ಕೆ ಒಂದು ಇತಿಹಾಸವೂ ಇದೆ. ಹಳೇ ಕಾಲದ ಡೈಗಳು ಬಹಳ ಗಾಢವಾಗಿದ್ದವು. ನಮ್ಮ ರಕ್ತದ ಸಾಂದ್ರತೆಯನ್ನ ವೈದ್ಯರು ಅಳೆಯುವ ಮಾಪನದಲ್ಲಿ ಅದು ಸುಮಾರು 290. ಹಳೇ ಡೈಗಳದ್ದು 1500 ಅಥವಾ ಅದಕ್ಕೂ ಹೆಚ್ಚು. ಈಗ ಸಾಮಾನ್ಯವಾಗಿ ಬಳಸೋದು 600ರಿಂದ 850ರ ಆಸುಪಾಸಿನವು. ಅಯೋಡಿಕ್ಸನಾಲ್ ಅನ್ನೋ ಡೈ ಹೆಚ್ಚುಕಡಿಮೆ ರಕ್ತದಷ್ಟೇ, 290. ಇದು ಬಂದಾಗ ಕಿಡ್ನಿ ರೋಗಿಗಳ ಸಮಸ್ಯೆ ತೀರಿತು ಅಂತ ಆಸೆ ಇತ್ತು. ಮುಂದಿನ ಅಧ್ಯಯನಗಳಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಹಾಗಾಗಿ "ಕಾಸ್ಟ್ಲಿ ಡೈ ಹಾಕಿಸ್ರಿ, ಏನೂ ಆಗಂಗಿಲ್ಲ" ಅನ್ನೋ ಮಾತನ್ನ ಪೂರ್ತಿ ನಂಬಬೇಡಿ. ಡೈಯ ಹೆಸರಿಗಿಂತ ಎಷ್ಟು ಮಿಲಿ ಹೋಯ್ತು ಅನ್ನೋದು ದೊಡ್ಡ ವಿಷಯ.

ಇನ್ನು ಭಯ ಎಷ್ಟು ನಿಜ? 2020ರಲ್ಲಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆ ಮತ್ತು ಅಲ್ಲಿನ ನ್ಯಾಷನಲ್ ಕಿಡ್ನಿ ಫೌಂಡೇಶನ್ ಜಂಟಿಯಾಗಿ ಒಂದು ಹೇಳಿಕೆ ಕೊಟ್ಟವು. ರಕ್ತನಾಳಕ್ಕೆ ಸೂಜಿ ಮೂಲಕ ಕೊಡುವ ಡೈಯ ಅಪಾಯವನ್ನ ನಾವು ಇಷ್ಟು ವರ್ಷ ಅತಿಯಾಗಿ ಲೆಕ್ಕ ಹಾಕಿದ್ದೆವು, ನಿಜವಾದ ಎಚ್ಚರಿಕೆ ಬೇಕಿರೋದು ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇರುವವರಿಗೆ ಮತ್ತು ಕಿಡ್ನಿ ಆಗಷ್ಟೇ ಹಠಾತ್ತಾಗಿ ಕೈಕೊಟ್ಟಿರುವವರಿಗೆ ಅನ್ನೋದು ಅದರ ಸಾರ. ಕ್ಯಾಥೆಟರ್ ತೂರಿಸಿ ಅಪಧಮನಿಗೇ ಡೈ ಬಿಡುವ ಆಂಜಿಯೋಗ್ರಫಿಯಲ್ಲಿ ಎಚ್ಚರಿಕೆ ಇನ್ನೊಂದು ಮಟ್ಟ ಹೆಚ್ಚು ಬೇಕು. ಆದರೆ ಎರಡು ಕಡೆಯೂ ನಿರ್ಧಾರಕ್ಕೆ ಆಧಾರ ಒಂದೇ ನಂಬರ್, ಇಜಿಎಫ್‌ಆರ್.

ಈ ನಂಬರ್ ಸ್ವಲ್ಪ ಅರ್ಥ ಮಾಡ್ಕೊಳ್ಳಿ. ನಮ್ಮ ಜನಕ್ಕೆ ಗೊತ್ತಿರೋದು ಕ್ರಿಯಾಟಿನಿನ್. "ಒಂದು ಪಾಯಿಂಟ್ ನಾಕ್ ಐತ್ರಿ, ಅಷ್ಟೇನ್ ಹೆಚ್ಚಿಲ್ಲ" ಅಂತಾರೆ. ಆದರೆ ಅದೇ 1.4ನ್ನ 25 ವರ್ಷದ ಹುಡುಗನಿಗೆ ಲೆಕ್ಕ ಹಾಕಿ ನೋಡಿ. ಈಗ ಬಳಕೆಯಲ್ಲಿರೋ ಸೂತ್ರದ ಪ್ರಕಾರ ಇಜಿಎಫ್‌ಆರ್ ಸುಮಾರು 72 ಬರುತ್ತೆ. ಅದೇ 1.4 ಎಪ್ಪತ್ತು ವರ್ಷದ ಅಜ್ಜಿಗೆ ಇದ್ದರೆ ಸುಮಾರು 40. ಹುಡುಗನ ಕಿಡ್ನಿ ಹೆಚ್ಚುಕಡಿಮೆ ನಡೀತಿದೆ, ಅಜ್ಜಿಯ ಕಿಡ್ನಿ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಕಾಗದದ ಮೇಲೆ ಇಬ್ಬರದೂ ಒಂದೇ ಅಂಕಿ! ವಯಸ್ಸಾದಂತೆ ಮೈಯ ಮಾಂಸ ಕರಗುತ್ತೆ, ಮಾಂಸ ಕಡಿಮೆ ಆದರೆ ಕ್ರಿಯಾಟಿನಿನ್ ಹುಟ್ಟೋದೂ ಕಡಿಮೆ. ಹಾಗಾಗಿ ಸಣಕಲು ದೇಹದ ಹಿರಿಯರಲ್ಲಿ ಕ್ರಿಯಾಟಿನಿನ್ ಸುಳ್ಳು ಸಮಾಧಾನ ಕೊಡುತ್ತೆ. ಇಜಿಎಫ್‌ಆರ್‌ಗೆ ಬೇರೆ ರಕ್ತ ಕೊಡಬೇಕಿಲ್ಲ. ಅದೇ ಕ್ರಿಯಾಟಿನಿನ್ ಜೊತೆ ವಯಸ್ಸು, ಗಂಡೋ ಹೆಣ್ಣೋ ಅನ್ನೋದು ಸೇರಿಸಿದರೆ ಸಾಕು, ಲೆಕ್ಕ ಬಂತು.

ಈಗ ದಾರಿಗಳ ಬಗ್ಗೆ ಬರೋಣ. ಮೊದಲ ದಾರಿಯಲ್ಲಿ ಡೈಯೇ ಬೇಕಿಲ್ಲ. ಕಾಲಿನ ಬಿಪಿ ಮತ್ತು ಕೈಯ ಬಿಪಿ ಎರಡನ್ನೂ ನೋಡಿ ಹೋಲಿಸುವ ಒಂದು ಸರಳ ಪರೀಕ್ಷೆ ಇದೆ. ಕಾಲಿನದ್ದನ್ನ ಕೈಯದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳದಲ್ಲಿ ತಡೆ ಇದೆ ಅಂತ ಸೂಚನೆ. ಹಳೇ ಶುಗರ್ ಇರುವವರಲ್ಲಿ ನಾಳದ ಗೋಡೆ ಗಟ್ಟಿಯಾಗಿ ಈ ಲೆಕ್ಕ ತಪ್ಪಬಹುದು, ಅದು ವೈದ್ಯರಿಗೆ ಗೊತ್ತಿರುತ್ತೆ. ಆಮೇಲೆ ಡಾಪ್ಲರ್. ಅದು ಬರೀ ಶಬ್ದದ ಅಲೆ. ಡೈ ಇಲ್ಲ, ಸೂಜಿ ಇಲ್ಲ, ಕಿಡ್ನಿಗೆ ಸಂಬಂಧವೇ ಇಲ್ಲ. ಹೊಲದ ಬದುವಿನ ತನಕ ನಡೆಯೋದ್ರೊಳಗೆ ಮೀನಖಂಡ ಹಿಡ್ಕೊಂಡು ನಿಲ್ಲಬೇಕಾಗುತ್ತೆ, ನಿಂತರೆ ನೋವು ಹೋಗುತ್ತೆ ಅನ್ನುವವರಿಗೆ ಮೊದಲ ಮೆಟ್ಟಿಲು ಇವೇ. ಎಷ್ಟೋ ಸಲ ಇಲ್ಲಿಗೇ ಉತ್ತರ ಸಿಗುತ್ತೆ. ಡೈ ಹಾಕದೆ ರಕ್ತನಾಳ ತೋರಿಸುವ ಎಂಆರ್‌ಐ ವಿಧಾನಗಳೂ ಇವೆ.

ಎರಡನೇ ದಾರಿ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ನಾವು ಉಸಿರಾಡಿ ಹೊರಗೆ ಬಿಡುವ ಗಾಳಿ ಇದೆಯಲ್ಲ, ಕಾರ್ಬನ್ ಡೈ ಆಕ್ಸೈಡ್, ಅದನ್ನೇ ನಾಳಕ್ಕೆ ಬಿಟ್ಟು ಚಿತ್ರ ತೆಗೆಯೋದು! 1971ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ರೇಡಿಯಾಲಜಿಸ್ಟ್ ಇರ್ವಿನ್ ಹಾಕಿನ್ಸ್ ಅವರ ಕೈಯಲ್ಲಿ ಒಂದು ಅಚಾತುರ್ಯ ನಡೀತು. ರೋಗಿಯ ಹೊಟ್ಟೆಯ ಅಪಧಮನಿಗೆ ಡೈ ಬದಲು 70 ಮಿಲಿ ಬರೀ ಗಾಳಿ ಹೋಗಿಬಿಟ್ಟಿತು. ರೋಗಿಗೆ ಏನೂ ಆಗಲಿಲ್ಲ. ಆದರೆ ಗಾಳಿ ತುಂಬಿದ ನಾಳ ಎಕ್ಸ್‌ರೇಯಲ್ಲಿ ಕಂಡಿತು. ಗಾಳಿ ಹೋದರೂ ನಾಳ ಕಾಣುತ್ತೆ ಅಂದ್ರೆ, ರಕ್ತದಲ್ಲಿ ಬೇಗ ಕರಗುವ ಅನಿಲ ಬಿಟ್ಟರೆ ಹೇಗೆ ಅಂತ ಅವರು ಯೋಚಿಸಿದರು. ಕಾರ್ಬನ್ ಡೈ ಆಕ್ಸೈಡ್ ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಹೆಚ್ಚು ಕರಗುತ್ತೆ. ಕರಗಿದ್ದು ಶ್ವಾಸಕೋಶಕ್ಕೆ ಹೋಗಿ ಉಸಿರಿನಲ್ಲಿ ಹೊರಗೆ ಬರುತ್ತೆ. ಕಿಡ್ನಿಗೆ ಕೆಲಸವೇ ಇಲ್ಲ. ಅಲರ್ಜಿಯ ಪ್ರಶ್ನೆಯೂ ಇಲ್ಲ. ಬೇಕಿರೋದು ಶುದ್ಧವಾದ ವೈದ್ಯಕೀಯ ಅನಿಲ, ಅದನ್ನ ಹೊರಗಿನ ಗಾಳಿ ಸೇರದಂತೆ ಬಿಡುವ ಸಲಕರಣೆ ಮತ್ತು ಕಂಪ್ಯೂಟರ್‌ನಲ್ಲಿ ಮೂಳೆಯ ಚಿತ್ರ ಕಳೆದು ನಾಳವನ್ನಷ್ಟೇ ಉಳಿಸುವ ಡಿಎಸ್ಎ ಯಂತ್ರ.

ಹಾಗಿದ್ರೆ ಎಲ್ಲರಿಗೂ ಇದನ್ನೇ ಯಾಕೆ ಮಾಡಲ್ಲ? ಯಾಕಂದ್ರೆ ಇದಕ್ಕೂ ಗಡಿ ಇದೆ, ಆ ಗಡಿ ನಮ್ಮ ವಪೆ. ಎದೆ ಮತ್ತು ಹೊಟ್ಟೆ ನಡುವಿನ ಆ ಪರದೆಗಿಂತ ಮೇಲಿನ ಅಪಧಮನಿಗಳಿಗೆ ಈ ಅನಿಲ ಬಿಡುವಂತಿಲ್ಲ. ಅದರ ಗುಳ್ಳೆ ಮೆದುಳಿನ ನಾಳಕ್ಕೋ ಹೃದಯದ ನಾಳಕ್ಕೋ ಹೋದರೆ ಅನಾಹುತ. ಹಾಗಾಗಿ ಹೃದಯದ ಆಂಜಿಯೋಗ್ರಫಿಗೆ ಇದು ನಡೆಯಲ್ಲ. ಹೊಟ್ಟೆ, ಸೊಂಟ, ತೊಡೆಯ ನಾಳಗಳಿಗೆ ಚೆನ್ನಾಗಿ ಒಪ್ಪುತ್ತೆ. ಮೊಣಕಾಲಿನ ಕೆಳಗೆ ಚಿತ್ರ ಸ್ವಲ್ಪ ಮಸುಕು, ಅಲ್ಲಿ ಕೆಲವೇ ಮಿಲಿ ಅಯೋಡಿನ್ ಸೇರಿಸಿ ಕೆಲಸ ಮುಗಿಸ್ತಾರೆ. ಅನಿಲ ರಕ್ತಕ್ಕಿಂತ ಹಗುರ, ಮೇಲಕ್ಕೆ ತೇಲುತ್ತೆ. ಅದಕ್ಕೇ ಕಾಲನ್ನ ಸ್ವಲ್ಪ ಎತ್ತಿ ಇಡ್ತಾರೆ. ಒಂದು ಸಲ ಬಿಟ್ಟ ಮೇಲೆ ಎರಡು ಮೂರು ನಿಮಿಷ ಕಾದು ಮತ್ತೆ ಬಿಡ್ತಾರೆ. ಅವಸರ ಮಾಡಿದರೆ ಅನಿಲ ಒಂದೇ ಕಡೆ ನಿಂತು ಹೊಟ್ಟೆನೋವು ಬರಬಹುದು. ಇನ್ನೊಂದು ಮಾತು ಬೀಡಿ ಸೇದುವವರಿಗೆ. ಈ ಅನಿಲವನ್ನ ಹೊರಗೆ ಹಾಕೋದು ಶ್ವಾಸಕೋಶ. ಅದೇ ಪೂರ್ತಿ ಹಾಳಾಗಿದ್ದರೆ ಇಲ್ಲೂ ಎಚ್ಚರ ಬೇಕು. ದಮ್ಮು ಇದ್ದರೆ ಮುಚ್ಚಿಡದೆ ಹೇಳಿ.

ಮೂರನೇ ದಾರಿ ಗ್ಯಾಡೋಲಿನಿಯಂ, ಎಂಆರ್‌ಐನಲ್ಲಿ ಬಳಸುವ ಡೈ. ಇದರ ಕಥೆ ಒಂದು ಪಾಠ. ಅಯೋಡಿನ್‌ಗೆ ಹೆದರಿದ ವೈದ್ಯಲೋಕ 1990ರ ದಶಕದಲ್ಲಿ ಕಿಡ್ನಿ ರೋಗಿಗಳಿಗೆ ಇದೇ ಸುರಕ್ಷಿತ ಅಂದುಕೊಂಡಿತು. ಎಂಆರ್‌ಐ ಬಿಡಿ, ಎಕ್ಸ್‌ರೇ ಆಂಜಿಯೋಗ್ರಫಿಗೂ ಇದನ್ನ ಬಳಸಿದ್ದುಂಟು. ಆಮೇಲೆ ಕಿಡ್ನಿ ಪೂರ್ತಿ ಸೋತ ಕೆಲವರಲ್ಲಿ ಚರ್ಮ ಹಲಗೆಯ ಹಾಗೆ ಗಟ್ಟಿಯಾಗಿ, ಕೀಲುಗಳು ಮಡಚದಂತಾಗುವ ಹೊಸ ಕಾಯಿಲೆ ಕಾಣಿಸಿಕೊಂಡಿತು. 2006ರಲ್ಲಿ ಆಸ್ಟ್ರಿಯಾದ ವೈದ್ಯರೊಬ್ಬರು ಅದಕ್ಕೂ ಗ್ಯಾಡೋಲಿನಿಯಂಗೂ ಇರುವ ನಂಟು ತೋರಿಸಿದರು. 2007ರಲ್ಲಿ ಅಮೆರಿಕದ ಔಷಧ ಇಲಾಖೆ ಕಟು ಎಚ್ಚರಿಕೆ ಹಾಕಿಸಿತು. ಸುರಕ್ಷಿತ ಅಂದುಕೊಂಡಿದ್ದೇ ಕೈಕೊಟ್ಟಿತ್ತು. ಅದಾದ ಮೇಲೆ ಗ್ಯಾಡೋಲಿನಿಯಂನಲ್ಲೇ ಗಟ್ಟಿ ಕಟ್ಟಿನ, ದೇಹದಲ್ಲಿ ಸುಲಭಕ್ಕೆ ಬಿಚ್ಚಿಕೊಳ್ಳದ ಬಗೆಗಳು ಮುಂದೆ ಬಂದವು. ಅವುಗಳಲ್ಲಿ ಈ ಅಪಾಯ ಬಹಳ ಅಪರೂಪ, ಅಗತ್ಯ ಇದ್ದರೆ ಕಿಡ್ನಿ ರೋಗಿಗಳಿಗೂ ಎಂಆರ್‌ಐಗೆ ಕೊಡಬಹುದು ಅಂತ ಈಗಿನ ಸಲಹೆ. ಹಾಗಾಗಿ ಎಂಆರ್‌ಐ ಬರೆದುಕೊಟ್ಟಾಗ "ಯಾವ ಗುಂಪಿನ ಗ್ಯಾಡೋಲಿನಿಯಂ?" ಅಂತ ಕೇಳೋದು ಅಧಿಕಪ್ರಸಂಗ ಅಲ್ಲ. ಎಕ್ಸ್‌ರೇ ಆಂಜಿಯೋಗ್ರಫಿಗೆ ಅಯೋಡಿನ್ ಬದಲು ಇದನ್ನ ಬಳಸುವ ಪದ್ಧತಿಯಂತೂ ಹಿಂದೆ ಸರಿಯಿತು.

ನಾಲ್ಕನೆಯದು ಕಬ್ಬಿಣ. ಫೆರುಮಾಕ್ಸಿಟಾಲ್ ಅಂತ ಒಂದು ಔಷಧ. 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಕಿಡ್ನಿ ರೋಗಿಗಳ ರಕ್ತಹೀನತೆಗೆ. ಅದು ನಾಳದಲ್ಲಿ ಬಹಳ ಹೊತ್ತು ಉಳಿಯುತ್ತೆ, ಎಂಆರ್‌ಐನಲ್ಲಿ ನಾಳವನ್ನ ಚೆನ್ನಾಗಿ ತೋರಿಸುತ್ತೆ ಅಂತ ಕೆಲವು ದೊಡ್ಡ ಕೇಂದ್ರಗಳು ಡೈ ಆಗಿಯೂ ಬಳಸಿದವು. 2015ರಲ್ಲಿ ತೀವ್ರ ಅಲರ್ಜಿಯ ಎಚ್ಚರಿಕೆ ಬಂತು. ಚಿಕ್ಕೋಡಿ ಸೀಮೆಯ ರೋಗಿಗೆ ಇದು ನಾಳೆಯೇ ಸಿಗುವ ದಾರಿ ಅಂತ ನಾನು ಆಸೆ ಹುಟ್ಟಿಸಲ್ಲ. ಇಂಥದ್ದೂ ಇದೆ ಅಂತ ತಿಳಿದಿರಲಿ.

ಹೃದಯದ ವಿಷಯಕ್ಕೆ ಬರೋಣ. ಅಲ್ಲಿ ಅನಿಲ ನಡೆಯಲ್ಲ ಅಂದೆ. ಅಲ್ಲಿ ಉಳಿಯೋದು ಅಯೋಡಿನ್ ಡೈಯನ್ನೇ ಲೆಕ್ಕ ಇಟ್ಟು ಬಳಸುವ ದಾರಿ. ವೈದ್ಯರಲ್ಲಿ ಒಂದು ಅಂದಾಜು ಇದೆ. ಇಜಿಎಫ್‌ಆರ್ ಎಷ್ಟಿದೆಯೋ ಅದರ ಎರಡು ಪಟ್ಟು, ಹೆಚ್ಚೆಂದರೆ ಮೂರು ಪಟ್ಟು ಮಿಲಿಯೊಳಗೆ ಡೈ ಮುಗಿಸಬೇಕು. ಅಂದ್ರೆ ಇಜಿಎಫ್‌ಆರ್ 30 ಇದ್ದರೆ 60ರಿಂದ 90 ಮಿಲಿ. ನಾಳದ ಒಳಗೇ ಅಲ್ಟ್ರಾಸೌಂಡ್ ತಂತಿ ಇಳಿಸಿ, ಅತಿ ಕಡಿಮೆ ಡೈಯಲ್ಲಿ ಸ್ಟೆಂಟ್ ಹಾಕುವ ವೈದ್ಯರೂ ಇದ್ದಾರೆ. ತುರ್ತಿಲ್ಲದ ಕೇಸಿನಲ್ಲಿ ಇವತ್ತು ಆಂಜಿಯೋಗ್ರಫಿ, ಕೆಲವು ದಿನ ಬಿಟ್ಟು ಸ್ಟೆಂಟ್ ಅಂತ ಎರಡು ಕಂತು ಮಾಡೋದೂ ಉಂಟು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ದೊಡ್ಡ ಹಾರ್ಟ್ ಅಟ್ಯಾಕ್ ಆಗಿ ಎದೆ ಹಿಡ್ಕೊಂಡು ಬಂದವರ ಮುಂದೆ ಕಿಡ್ನಿ ರಿಪೋರ್ಟ್‌ಗೆ ಕಾಯುತ್ತಾ ಕೂರಬೇಡಿ. ಅಲ್ಲಿ ಒಂದೊಂದು ನಿಮಿಷಕ್ಕೂ ಹೃದಯದ ಮಾಂಸ ಸಾಯುತ್ತಿರುತ್ತೆ. ಮೊದಲು ಜೀವ, ಆಮೇಲೆ ಕಿಡ್ನಿ.

ಡೈಗೆ ಮೊದಲು ನಾವು ಮಾಡಬೇಕಾದ್ದೇನು? ಕಾರಣ ತಿಳಿದರೆ ನಿಯಮ ನೆನಪಿರುತ್ತೆ. ಬತ್ತಿದ ದೇಹಕ್ಕೆ ಡೈ ಹೊಕ್ಕರೆ ಕಿಡ್ನಿಗೆ ಎರಡು ಪೆಟ್ಟು. ಕಬ್ಬು ಕಡಿದು, ಬಿಸಿಲಲ್ಲಿ ಬಸ್ ಹತ್ತಿ, ಬೆಳಗ್ಗಿನಿಂದ ಉಪವಾಸ ಇದ್ದು, ಒಂದು ತಂಬಿಗೆ ನೀರೂ ಕುಡಿಯದೆ ಪರೀಕ್ಷೆಗೆ ಹೋಗಬೇಡಿ. ಎಷ್ಟು ಹೊತ್ತಿನಿಂದ ಊಟ ಬಿಡಬೇಕು, ನೀರು ಯಾವಾಗಿನ ತನಕ ಕುಡೀಬಹುದು ಅಂತ ಕೇಳಿ. ಅಪಾಯ ಇರುವವರಿಗೆ ಸಲೈನ್ ಹಾಕ್ತಾರೆ. ಹೃದಯ ದುರ್ಬಲ ಇದ್ದವರಿಗೆ ಆ ಸಲೈನೂ ಅಳತೆಯಲ್ಲೇ ಹೋಗಬೇಕು. 2018ರಲ್ಲಿ ಸುಮಾರು 5,000 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ, ಕಿಡ್ನಿ ಕಾಯುತ್ತವೆ ಅಂತ ವರ್ಷಗಟ್ಟಲೆ ಕೊಡುತ್ತಿದ್ದ ಅಸಿಟೈಲ್‌ಸಿಸ್ಟೀನ್ ಮಾತ್ರೆಗಳಿಂದಾಗಲೀ ಸೋಡಾ ಬೈಕಾರ್ಬೊನೇಟ್ ಸಲೈನ್‌ನಿಂದಾಗಲೀ ಹೆಚ್ಚಿನ ಲಾಭ ಇಲ್ಲ ಅಂತ ತೋರಿಸಿತು. ಸಾದಾ ಸಲೈನ್ ಸಾಕು.

ಮಾತ್ರೆಗಳ ವಿಷಯ ಇನ್ನೂ ಮುಖ್ಯ. ಮೊಣಕಾಲು ನೋವು, ಸೊಂಟ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೇ ತಗೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡ್ತವೆ. ಅದರ ಮೇಲೆ ಡೈ. ಆದರೆ ಅವನ್ನ ನಾವು ಔಷಧ ಅಂತಲೇ ಲೆಕ್ಕ ಹಿಡಿಯಲ್ಲ, "ಬರೀ ನೋವಿನ ಗುಳಗಿರಿ" ಅಂತ ಬಿಟ್ಟುಬಿಡ್ತೀವಿ. ಬಿಡಬೇಡಿ, ಹೇಳಿ. ಶುಗರ್‌ನ ಮೆಟ್‌ಫಾರ್ಮಿನ್ ಕಥೆ ಬೇರೆ. ಅದು ಕಿಡ್ನಿ ಕೆಡಿಸಲ್ಲ. ಆದರೆ ಡೈಯಿಂದ ಕಿಡ್ನಿ ನಿಧಾನವಾದರೆ ಮಾತ್ರೆ ಮೈಯಲ್ಲೇ ಉಳಿದು ರಕ್ತದಲ್ಲಿ ಆಮ್ಲ ಹೆಚ್ಚಬಹುದು. ಕಿಡ್ನಿ ಸೋತವರಿಗೆ, ಅಪಧಮನಿಯ ಆಂಜಿಯೋಗ್ರಫಿ ಮಾಡಿಸುವವರಿಗೆ ವೈದ್ಯರು ಅದನ್ನ ನಿಲ್ಲಿಸಿ, 48 ಗಂಟೆ ಆದ ಮೇಲೆ ಕಿಡ್ನಿ ನೋಡಿ ಮತ್ತೆ ಶುರು ಮಾಡಿಸ್ತಾರೆ. ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ.

ಡಯಾಲಿಸಿಸ್‌ನಲ್ಲಿ ಇರುವವರು ಕೇಳಬಹುದು, "ನಮಗ ಇನ್ನೇನ್ ಹೋಗೋದೈತ್ರಿ?" ಮೂತ್ರ ಪೂರ್ತಿ ನಿಂತವರಿಗೆ ಅಯೋಡಿನ್ ಡೈಯಿಂದ ಹೊಸದಾಗಿ ಕೆಡಲು ಕಿಡ್ನಿಯಲ್ಲಿ ಏನೂ ಉಳಿದಿಲ್ಲ, ಡೈ ಹಾಕಿದ ಕಾರಣಕ್ಕೇ ಅರ್ಜೆಂಟಾಗಿ ಡಯಾಲಿಸಿಸ್ ಬೇಕು ಅಂತಲೂ ಇಲ್ಲ. ಆದರೆ ದಿನಕ್ಕೆ ಅಷ್ಟಿಷ್ಟು ಮೂತ್ರ ಇನ್ನೂ ಬರ್ತಿದ್ದರೆ ಅದು ದೊಡ್ಡ ಆಸ್ತಿ. ಅದನ್ನ ಉಳಿಸುವ ಎಚ್ಚರ ಬೇಕು.

ಇನ್ನು ಗಡಿಯ ಮಾತು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ಕಟ್ಟಿದ ಕಾಲದಿಂದ ಈ ಭಾಗದ ಜನ ಕೃಷ್ಣೆಯ ಆಚೆ ಈಚೆ ನೋಡದೆ ಚಿಕಿತ್ಸೆಗೆ ಹೋಗಿದ್ದಾರೆ. ಕಾಗವಾಡ, ಅಥಣಿಯವರಿಗೆ ಮಿರಜ, ಸಾಂಗ್ಲಿ ಹತ್ತಿರ. ನಿಪ್ಪಾಣಿಯವರಿಗೆ ಕೊಲ್ಲಾಪುರ. ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೂ ಹೋಗ್ತಾರೆ, ಮಿರಜಕ್ಕೂ ಹೋಗ್ತಾರೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಗಡಿಯ 865 ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆ ವಿಸ್ತರಿಸ್ತೀವಿ ಅಂದಾಗ ಎರಡೂ ರಾಜ್ಯಗಳಲ್ಲಿ ದೊಡ್ಡ ಗದ್ದಲ ಆಯ್ತು. ಹಳ್ಳಿ ಯಾರದ್ದು ಅಂತ ವಾದ ನಡೀತು. ಹಳ್ಳಿಯವನ ಫೈಲು ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ಕ್ರಿಯಾಟಿನಿನ್ ರಿಪೋರ್ಟ್ ತಾಲೂಕು ಆಸ್ಪತ್ರೆಯಲ್ಲಿ, ಶುಗರ್ ಚೀಟಿ ಮನೆಯ ಗೂಡಿನಲ್ಲಿ, ಹಳೇ ಆಂಜಿಯೋಗ್ರಫಿ ಸಿಡಿ ಕೊಲ್ಲಾಪುರದಲ್ಲಿ. ಹೊಸ ಆಸ್ಪತ್ರೆಯ ವೈದ್ಯರ ಕೈಗೆ ಸಿಗೋದು ನಿಮ್ಮ ಬಾಯಿ ಮಾತು ಮಾತ್ರ. ಅದರಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ.

ಹಾಗಾಗಿ ಮನೆಯಲ್ಲಿ ಶುಗರ್, ಬಿಪಿ, ಕಿಡ್ನಿ ತೊಂದರೆ ಇರುವವರು ಇದ್ದರೆ ಇವತ್ತೇ ಒಂದು ಪ್ಲಾಸ್ಟಿಕ್ ಚೀಲ ತಗೊಳ್ಳಿ. ಕಳೆದ ಎರಡು ಮೂರು ಕ್ರಿಯಾಟಿನಿನ್ ರಿಪೋರ್ಟ್, ತಗೊಳ್ಳುವ ಎಲ್ಲ ಗುಳಿಗೆಯ ಹಾಳೆ, ಹಳೇ ಸ್ಕ್ಯಾನ್, ಡೈ ಹಾಕಿದಾಗ ಅಲರ್ಜಿ ಆಗಿದ್ದರೆ ಅದರ ಚೀಟಿ, ಎಲ್ಲ ಒಂದೇ ಕಡೆ ಇರಲಿ. ಅಪ್ಪಾರನ್ನ, ಅವ್ವಾರನ್ನ ಕರ್ಕೊಂಡು ಹೋಗುವ ಮಗ, ಮಗಳು, ಅಳಿಯ ಯಾರೇ ಆಗಲಿ ಕೈಮುಗಿದು ಐದು ಪ್ರಶ್ನೆ ಕೇಳಿ. "ಡಾಕ್ಟರ್ರೀ, ಇವರ ಇಜಿಎಫ್‌ಆರ್ ಎಷ್ಟೈತ್ರಿ? ಡಾಪ್ಲರ್‌ನ್ಯಾಗ ಕೆಲಸ ಆಗೂದಿಲ್ಲೇನ್ರಿ? ಕಾಲಿನ ಆಂಜಿಯೋಗ್ರಫಿ ಆದ್ರ ಕಾರ್ಬನ್ ಡೈ ಆಕ್ಸೈಡ್ ಸೌಲಭ್ಯ ಇಲ್ಲೈತೇನ್ರಿ? ಡೈ ಎಷ್ಟು ಮಿಲಿಯೊಳಗ ಮುಗಸ್ತೀರಿ? ಎರಡ್ ದಿನ ಬಿಟ್ಟು ಕ್ರಿಯಾಟಿನಿನ್ ಎಲ್ಲಿ ನೋಡಸೋಣ್ರಿ?" ಐದನೇ ಪ್ರಶ್ನೆ ಮರೀಬೇಡಿ. ಡೈಯ ಪೆಟ್ಟು ಅದೇ ದಿನ ಕಾಣಲ್ಲ, 48ರಿಂದ 72 ಗಂಟೆಯಲ್ಲಿ ಕಾಣುತ್ತೆ. ಅಷ್ಟೊತ್ತಿಗೆ ನೀವು ಡಿಸ್ಚಾರ್ಜ್ ಆಗಿ ಊರಿಗೆ ಬಂದಿರ್ತೀರಿ. ಆ ಒಂದು ರಕ್ತ ಪರೀಕ್ಷೆಗೆ ಮತ್ತೆ ಮಿರಜಕ್ಕೆ ಹೋಗಬೇಕಿಲ್ಲ, ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಮಾಡಿಸಿ ಫೋನಿನಲ್ಲಿ ತಿಳಿಸಿದರೂ ನಡೆಯುತ್ತೆ.

ಕಪ್ಪಾದ ಬೆರಳು ಕಾಯಲ್ಲ. ಕಿಡ್ನಿಗೆ ಹೆದರಿ ಪರೀಕ್ಷೆ ಮುಂದೂಡಿದ ಒಂದೊಂದು ವಾರವೂ ಕಾಲನ್ನ ಒಂದೊಂದು ಗೇಣು ಮೇಲಕ್ಕೆ ಕತ್ತರಿಸುವ ಹಾಗೆ ಮಾಡಬಹುದು. ನಾಳೆ ಬೆಳಗ್ಗೆ ಮಾಡುವ ಕೆಲಸ ಇಷ್ಟೇ. ಮನೆಯ ಹಿರಿಯರ ಹಳೇ ರಿಪೋರ್ಟ್ ತೆಗೀರಿ, ವಯಸ್ಸು ಹೇಳಿ ಇಜಿಎಫ್‌ಆರ್ ಲೆಕ್ಕ ಮಾಡಿಸಿ, ಆ ನಂಬರನ್ನ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೀರಿ. ಮಿರಜಕ್ಕೆ ಹೋಗಿ, ಬೆಳಗಾವಿಗೆ ಹೋಗಿ, ಆ ನಂಬರ್ ನಿಮ್ಮ ಜೊತೆ ಬರಲಿ.